ಭಾವನಿಗೆ, ಮತ್ತು ಜೊತೆಗೆ ನಿಂತ ಎಲ್ಲರಿಗೆ

ಹೋದ ಭಾನುವಾರದಿಂದ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ನಮ್ಮ ಕರಾಟೆ ಕ್ಲಾಸ್ ಮತ್ತೆ ಶುರುವಾಗಿದೆ. ನಾನೇ ನಿಂತು ಕಲಿಸಿದೆ. ಮಕ್ಕಳು ಸಾಲಾಗಿ ನಿಂತು ಬಗ್ಗಿ ವಂದಿಸಿದಾಗ ನಾನೂ ಬಗ್ಗಿದೆ. ನನಗೆ ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಇಲ್ಲ.

ಬೆನ್ನಿಗೆ ಏನಾಯಿತು, ಆಪರೇಷನ್ ಎಲ್ಲಿ ಆಯಿತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ. ಹೇಳಬೇಕಾದವರಿಗೆ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ.

ರಾತ್ರೋರಾತ್ರಿ ಗಾಡಿ ತಂದ ಗೆಳೆಯರು, ಬೈತಖೋಲ ಬಂದರಿನಲ್ಲಿ ಹಣ ಒಟ್ಟು ಮಾಡಿದವರು, ರಕ್ತ ಕೊಟ್ಟ ಹಳೇ ವಿದ್ಯಾರ್ಥಿಗಳು, ಬೈದು ಬೈದು ನಡೆಸಿದ ಫಿಸಿಯೋಥೆರಪಿ ಮೇಡಂ, ದಿನಾ ಗಂಜಿ ಕಳಿಸಿದ ಅಕ್ಕಪಕ್ಕದ ಮನೆಯವರು, ನಿಮ್ಮೆಲ್ಲರಿಗೂ ಮನಸಾರೆ ನಮಸ್ಕಾರ. ಹೆಂಡತಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಇನ್ನು ಭಾವ.

ನಮ್ಮ ಭಾವ ಟ್ರಾಲರ್ ಬೋಟಿನ ತಾಂಡೇಲ, ಅಂದ್ರೆ ಬೋಟು ನಡೆಸುವ ಮುಖ್ಯಸ್ಥ. ನಾನು ಆಸ್ಪತ್ರೆ ಸೇರಿದ್ದು ಆಗಸ್ಟಿನಲ್ಲಿ. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಆಗಷ್ಟೇ ಕಡಲಿಗೆ ಇಳಿದಿದ್ದವು. ಎರಡು ತಿಂಗಳು ಗಳಿಕೆ ಇಲ್ಲದೆ ಕೂತ ತಾಂಡೇಲ ಆ ದಿನಗಳಲ್ಲಿ ಬೋಟು ಬಿಟ್ಟು ಬರುತ್ತಾನೆ ಅಂದ್ರೆ ಏನರ್ಥ ಅಂತ ಬಂದರಿನವರಿಗೆ ವಿವರಿಸಬೇಕಿಲ್ಲ. ಭಾವ ಬೋಟನ್ನು ಬೇರೆಯವರ ಕೈಗೆ ಕೊಟ್ಟು ಬಂದರು. ಯಾರೂ ಕರೆದಿರಲಿಲ್ಲ.

ಆಪರೇಷನ್ ಆದ ಮೇಲಿನ ಎರಡನೇ ರಾತ್ರಿ. ಎಡಗಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಇನ್ನು ಒದೆಯೋದನ್ನು ಮರೆತುಬಿಡಿ ಅಂತ ಡಾಕ್ಟರು ಸಂಜೆಯಷ್ಟೇ ಹೇಳಿ ಹೋಗಿದ್ದರು. ನನ್ನ ಪರ್ಸಿನಲ್ಲಿ ಬ್ರೂಸ್ ಲೀ ಫೋಟೋ ಇರೋದು ನಿಮಗೆಲ್ಲ ಗೊತ್ತು, ಹೈಸ್ಕೂಲಿನಿಂದ ಇದೆ. ಅದನ್ನು ತೆಗೆದು ಎಸೆಯಿರಿ ಅಂದೆ. ನಾನೂ ಬೇಡ, ಈ ಬದುಕೂ ಬೇಡ ಅಂದೆ. ಹಾಗೆ ಅಂದಿದ್ದು ಬರೀ ಮಾತಲ್ಲ. ಆ ಹೊತ್ತಿಗೆ ನನಗೆ ನಿಜವಾಗಿ ಹಾಗೇ ಅನ್ನಿಸಿತ್ತು.

ಭಾವ ಸಮಾಧಾನ ಮಾಡಲಿಲ್ಲ. ಫೋಟೋ ತೆಗೆದು ಲೈಟಿಗೆ ಹಿಡಿದು ನೋಡಿದರು. ಅವರು ಬ್ರೂಸ್ ಲೀಯ ಒಂದು ಸಿನಿಮಾನೂ ನೋಡಿದವರಲ್ಲ. "ಇವನಿಗೆ ಯಾವತ್ತೂ ಪೆಟ್ಟಾಗಲಿಲ್ವಾ ಮಾರಾಯ?" ಅಂತ ಕೇಳಿದರು.

ಆಗಿತ್ತು. ಇದೇ ಆಗಸ್ಟಿನಲ್ಲಿ, 1970ರಲ್ಲಿ. ಮೈ ಬಿಸಿ ಮಾಡಿಕೊಳ್ಳದೆ ಹೆಗಲ ಮೇಲೆ ಭಾರ ಹೊತ್ತು ಬಗ್ಗಿ ಏಳುವಾಗ ಅವನ ಬೆನ್ನಿನ ನರಕ್ಕೆ ಪೆಟ್ಟಾಯಿತು. ಇನ್ನು ಮೊದಲಿನ ಹಾಗೆ ಒದೆಯೋಕಾಗಲ್ಲ ಅಂತ ಅವನಿಗೂ ಡಾಕ್ಟರು ಹೇಳಿದ್ದರು. ತಿಂಗಳುಗಟ್ಟಲೆ ಹಾಸಿಗೆ. ಇದನ್ನೆಲ್ಲ ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ರಾತ್ರಿ ಹಲ್ಲು ಕಚ್ಚಿಕೊಂಡು ಹೇಳಬೇಕಾಯಿತು.

"ಅಷ್ಟು ದಿನ ಅವನ ಮನೆ ಹ್ಯಾಗೆ ನಡೀತು?" ಭಾವನ ಮುಂದಿನ ಪ್ರಶ್ನೆ ಅದು.

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಹೆಂಡತಿ ಲಿಂಡಾ ಕೆಲಸಕ್ಕೆ ಹೋದಳು ಅಂದೆ. ಚಿಕ್ಕ ಮಕ್ಕಳಿಬ್ಬರು ಮನೆಯಲ್ಲಿದ್ದರು. ಇವನು ಮಲಗಿದಲ್ಲೇ ಓದಿದ, ಬರೆದ. ನಮ್ಮ ತತ್ವಜ್ಞಾನಿ ಜಿಡ್ಡು ಕೃಷ್ಣಮೂರ್ತಿ ಅವರ ಪುಸ್ತಕಗಳನ್ನೂ ಓದಿದ. ಕಾದಾಟದ ಬಗ್ಗೆ ತಾನು ಯೋಚಿಸಿದ್ದನ್ನು ನೋಟ್‌ಬುಕ್ಕುಗಳ ತುಂಬ ಬರೆದಿಟ್ಟ. ಅವನು ತೀರಿಕೊಂಡಿದ್ದು 1973ರ ಜುಲೈ 20ಕ್ಕೆ, ಬರೀ 32ನೇ ವಯಸ್ಸಿಗೆ. ಆ ಬರಹ ಪುಸ್ತಕವಾಗಿದ್ದು 1975ರಲ್ಲಿ. ಇವತ್ತು ನಾವು ಅವನನ್ನು ನೆನೆಯುವ ಹಾಂಗ್ ಕಾಂಗ್ ಸಿನಿಮಾಗಳೆಲ್ಲ ಬಂದಿದ್ದು ಬೆನ್ನಿಗೆ ಪೆಟ್ಟಾದ ಮೇಲೆಯೇ, 1971ರಿಂದ ಈಚೆಗೆ. ನೋವು ಪೂರ್ತಿ ಹೋಗಿರಲಿಲ್ಲ. ನೋವಿಟ್ಟುಕೊಂಡೇ ಒದ್ದ.

ನೀರಿನ ಹಾಗಿರು ಅನ್ನೋ ಅವನ ಮಾತನ್ನು ಎಲ್ಲರೂ ಸ್ಟೇಟಸ್ಸಿಗೆ ಹಾಕುತ್ತಾರೆ. ನನಗೆ ಅದಕ್ಕಿಂತ ಆ ಹಾಸಿಗೆಯ ತಿಂಗಳುಗಳೇ ದೊಡ್ಡವು. ಆದರೆ ನೀರಿನ ಕಥೆಯನ್ನೂ ಭಾವನಿಗೆ ಹೇಳಿದೆ. ಹಾಂಗ್ ಕಾಂಗಿನಲ್ಲಿ ಹುಡುಗನಾಗಿದ್ದಾಗ ಗುರು ಇಪ್ ಮ್ಯಾನ್ ಇವನಿಗೆ ಒಂದು ವಾರ ಅಭ್ಯಾಸ ಬೇಡ, ಮನೆಯಲ್ಲಿರು ಅಂದಿದ್ದರಂತೆ. ಒಬ್ಬನೇ ದೋಣಿಯಲ್ಲಿ ಕಡಲಿಗೆ ಹೋದ. ತನ್ನ ಮೇಲೇ ಸಿಟ್ಟು ಬಂದು ನೀರಿಗೆ ಗುದ್ದಿದ. ಹೊಡೆತ ತಿಂದೂ ನೀರಿಗೆ ಏನೂ ಆಗದ್ದನ್ನು ಕಂಡು ಅವನಿಗೆ ಏನೋ ಹೊಳೆಯಿತು.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಲೆ ಖಾಲಿ ಬಂದ ದಿನ ನಾನೂ ಹೊಡೆದಿದ್ದೇನೆ. ನೀರಿಗೆ ಏನೂ ಆಗೋದಿಲ್ಲ. ನಮ್ಮ ಸಿಟ್ಟು ಇಳೀತದೆ ಅಷ್ಟೇ. ನಿನಗೆ ಸಿಟ್ಟಿದ್ರೆ ಇದಕ್ಕೆ ಹೊಡಿ" ಅಂತ ತಮ್ಮ ಅಂಗೈ ಚಾಚಿದರು. ಹೊಡೆದೆ. ತುಂಬ ಸಲ ಹೊಡೆದೆ. ಕಡೆಗೆ ಅದೇ ಕೈ ಹಿಡಿದುಕೊಂಡು ಅತ್ತೆ. ಬೆಳಗಿನ ತನಕ ಅವರು ಕೈ ಬಿಡಿಸಿಕೊಳ್ಳಲಿಲ್ಲ, ಕಣ್ಣೂ ಮುಚ್ಚಲಿಲ್ಲ. ನಡುವೆ ನಿದ್ದೆ ಬಂದ ಹಾಗಾದಾಗಲೆಲ್ಲ "ಮತ್ತೆ ಏನಾಯ್ತು ಅವನಿಗೆ?" ಅಂತ ಕೇಳುತ್ತಿದ್ದರು.

ಫೋಟೋ ಈಗಲೂ ಪರ್ಸಿನಲ್ಲೇ ಇದೆ.

ಈಗ ನನ್ನ ಕಾಲು ಸೊಂಟಕ್ಕಿಂತ ಮೇಲೆ ಏಳೋದಿಲ್ಲ. ಹಾಗಾಗಿ ಕಲಿಸುವ ರೀತಿಯನ್ನೇ ಬದಲಿಸಿದ್ದೇನೆ. ಉಪಯೋಗಕ್ಕೆ ಬರೋದನ್ನು ತಗೋ, ಬಾರದ್ದನ್ನು ಬಿಡು, ನಿನ್ನದೇ ಆದ್ದನ್ನು ಸೇರಿಸು ಅಂತ ಬ್ರೂಸ್ ಲೀ ಹೇಳುತ್ತಿದ್ದ. 1967ರಲ್ಲಿ ತನ್ನ ಪದ್ಧತಿಗೆ ಜೀತ್ ಕುನೆ ದೋ ಅಂತ ಹೆಸರಿಟ್ಟು ಹಾಗೇ ನಡೆದೂ ತೋರಿಸಿದ. ನಾನೀಗ ಮರಳಿನಲ್ಲಿ ನಿಲ್ಲೋದು, ಉಸಿರು, ಮೊಣಕಾಲ ಮಟ್ಟದ ಒದೆತ ಇವಕ್ಕೇ ಜಾಸ್ತಿ ಸಮಯ ಕೊಡುತ್ತೇನೆ. ಮೊದಲೆಲ್ಲ ಹಿಂದಿನ ಸಾಲಿನಲ್ಲಿ ಕುಗ್ಗಿ ನಿಲ್ಲುತ್ತಿದ್ದ, ಉಬ್ಬಸ ಇರುವ ಒಬ್ಬ ಹುಡುಗಿ ಈಗ ಉಸಿರಿನ ಪಾಠದಲ್ಲಿ ಎಲ್ಲರಿಗಿಂತ ಮುಂದೆ ಇದ್ದಾಳೆ. ಅವಳನ್ನು ನೋಡಿದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ.

ಅಕ್ಕಾ, ಭಾವ ಫೋನಿನಲ್ಲಿ ಇಷ್ಟುದ್ದ ಓದುವವರಲ್ಲ. ಬೋಟು ಬಂದ ಮೇಲೆ ನೀನೇ ಓದಿ ಹೇಳು. ಆ ಆಗಸ್ಟಿನಲ್ಲಿ ನಿಮ್ಮ ಮನೆಗೆ ಬರಬೇಕಿದ್ದ ಪಾಲು ನನ್ನಿಂದ ತಪ್ಪಿತು ಅನ್ನೋದು ನನಗೆ ಗೊತ್ತು. ನೀವಿಬ್ಬರೂ ಅದರ ಮಾತೇ ಎತ್ತಲಿಲ್ಲ. ಮಗನನ್ನು ಭಾನುವಾರ ಬೆಳಿಗ್ಗೆ ಆರೂವರೆಗೆ ಬೀಚಿಗೆ ಕಳಿಸು. ಅವನು ಎಷ್ಟು ವರ್ಷ ಕಲಿತರೂ ಫೀಸ್ ಅಂತ ಬಾಯಿ ತೆಗೆಯಬೇಡ.