ಆ ಎರಡು ಕಡ್ಡಿಗಳನ್ನು ಎಸೆಯಬೇಡ

ತೀರ್ಥಹಳ್ಳಿ
ಡಿಸೆಂಬರ್ ಎರಡನೇ ವಾರ

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಮನಸ್ಸಿಗೆ ಪಿಚ್ಚೆನಿಸಿತು. ನಾಲ್ಕು ಹುಣಸೆ ಸಸಿಯಲ್ಲಿ ಎರಡನ್ನು ಕಿತ್ತು ಎಸೆದೆ, ಉಳಿದೆರಡು ಎಲೆಯೆಲ್ಲ ಉದುರಿ ಕಡ್ಡಿಯ ಹಾಗೆ ನಿಂತಿವೆ ಅಂದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ಚಳಿಗೆ ಇದು ಆಗಿಬರುವುದಿಲ್ಲ, ಕುಂಡದಲ್ಲಿ ಪುಟ್ಟ ಮರ ಬೆಳೆಸುವ ಬೋನ್ಸಾಯ್ ಆಸೆ ಬಿಟ್ಟೆ ಅಂದೆ. ಬಿಡಬೇಡ ಮಾರಾಯ. ಆ ಎರಡನ್ನಂತೂ ಎಸೆಯಲೇಬೇಡ.

ಯೋಚನೆ ಮಾಡು, ಹುಣಸೆ ನಮ್ಮ ಮಲೆನಾಡಿಗೂ ನೆಂಟನೇ ಅಲ್ವಾ? ನಮ್ಮ ಅಡುಗೆಗೆ ವಾಟೆಹುಳಿ, ಮುರುಗಲು ಇತ್ತು. ಹುಣಸೆಹಣ್ಣು ಬರುತ್ತಿದ್ದದ್ದು ಬಯಲುಸೀಮೆ ಕಡೆಯಿಂದ. ಬಿಸಿಲು ಬೇಡುವ ಮರ ಅದು. ಅದನ್ನು ಈ ಮಳೆಯೂರಿನಲ್ಲಿ ಕುಂಡಕ್ಕೆ ಹಾಕಿ ನಾನೂ ಪೆಟ್ಟು ತಿಂದಿದ್ದೇನೆ. ಮೊದಲ ಸಲ ಆರು ಸಸಿ ಎದ್ದಿದ್ದವು. ಆರಿದ್ರಾ ಮಳೆ ಹಿಡಿಯಿತು ನೋಡು, ಹತ್ತು ದಿನ ಬಿಸಿಲೇ ಕಾಣಲಿಲ್ಲ. ಮಳೆ ತಾಗದಿರಲಿ ಅಂತ ಜಗಲಿ ಮೂಲೆಗೆ ತಂದಿಟ್ಟೆ. ಎಲೆ ಉದುರತೊಡಗಿತು. ಪಾಪ, ಬಾಯಾರಿರಬೇಕು ಅಂತ ದಿನಾ ನೀರು ಹಾಕಿದೆ. ಹದಿನೈದು ದಿನದಲ್ಲಿ ಐದು ಸಸಿಗಳ ಬುಡ ಕಪ್ಪಾಗಿ ಮೆತ್ತಗಾಯಿತು. ಕಿತ್ತು ನೋಡಿದರೆ ಬೇರೆಲ್ಲ ಕೊಳೆತಿತ್ತು.

ನಿನ್ನಲ್ಲೂ ಆದದ್ದು ಇದೇ ಅಂತ ನನಗೆ ಅನಿಸುತ್ತದೆ. ಚಳಿಯೊಂದೇ ಕಾರಣ ಅಲ್ಲ. ಬೆಳಕು ಕಡಿಮೆಯಾದರೆ ಗಿಡ ನೀರು ಕುಡಿಯುವುದೂ ಕಡಿಮೆ. ನಾವು ಹಾಕಿದ ನೀರು ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಈಗ ನಿನ್ನೂರಿನಲ್ಲಿ ಹಗಲೆಂದರೆ 7 ಗಂಟೆ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ಕಿಟಕಿ ಹತ್ತಿರ ನಮ್ಮ ಕಣ್ಣಿಗೆ ಬೆಳಕು ಧಾರಾಳ ಕಾಣಬಹುದು, ಗಿಡಕ್ಕೆ ಅದು ಕತ್ತಲೆಯೇ. ಒಂದು ಎಲ್‌ಇಡಿ ಗಿಡದ ದೀಪ ತಂದು ಗೇಣು ಎತ್ತರದಲ್ಲಿ ತೂಗುಹಾಕು. ದಿನಕ್ಕೆ 12ರಿಂದ 14 ಗಂಟೆ ಉರಿಯಲಿ. ರಾತ್ರಿ ಕಿಟಕಿಯ ಗಾಜಿನಿಂದ ದೂರ ಇಡು, ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲೂ ಬೇಡ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡು. ಒಣಗಿದ್ದರೆ ಮಾತ್ರ ಸ್ವಲ್ಪ ಬೆಚ್ಚಗಿನ ನೀರು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡು.

ಅದಕ್ಕೂ ಮೊದಲು ಒಂದು ಕೆಲಸ. ಕಡ್ಡಿಯ ತೊಗಟೆಯನ್ನು ಉಗುರಿನಿಂದ ಸಾಸಿವೆಯಷ್ಟು ಕೆರೆ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಇನ್ನೂ ಸ್ವಲ್ಪ ಕೆಳಗೆ ಕೆರೆ. ತುದಿ ಸತ್ತರೂ ಬುಡ ಬದುಕಿರುತ್ತದೆ ಎಷ್ಟೋ ಸಲ. ನನ್ನ ಆರನೆಯ ಸಸಿ ಉಳಿದದ್ದು ಹಾಗೇ. ತುದಿಯೆಲ್ಲ ಒಣಗಿತ್ತು, ಮಳೆ ಬಿಟ್ಟ ಮೇಲೆ ಬುಡದಿಂದ ಎರಡು ಬೆರಳು ಮೇಲೆ ಚಿಗುರು ಒಡೆಯಿತು. ಆ ಬೆಳಗ್ಗೆ ನಾನು ಕಾಫಿ ಲೋಟ ಹಿಡಿದುಕೊಂಡು ಸುಮ್ನೆ ಅದರ ಮುಂದೆ ಕೂತುಬಿಟ್ಟಿದ್ದೆ.

ಚಿಗುರಿದ ಮೇಲೆ ಸಂಜೆ ಎಲೆ ಮಡಚಿಕೊಂಡರೆ ಗಾಬರಿಯಾಗಬೇಡ. ಹುಣಸೆ ರಾತ್ರಿ ಹಾಗೇ ಮಲಗುತ್ತದೆ.

ಹೊಸ ಬೀಜ ಹಾಕುವುದಾದರೆ ಈಗ ಬೇಡ, ಏಪ್ರಿಲ್ ಕೊನೆಯವರೆಗೆ ಕಾಯಿ. ಬೇಸಿಗೆಯ ಉದ್ದ ಹಗಲು ಪೂರ್ತಿ ಸಿಕ್ಕರೆ ಸಸಿ ಚಳಿಗಾಲಕ್ಕೆ ಗಟ್ಟಿಯಾಗಿರುತ್ತದೆ. ನೀನು ಸೆಪ್ಟೆಂಬರಿನಲ್ಲಿ ಹಾಕಿದ್ದೇ ಅವಸರವಾಯಿತು. ಚೌಕಾಬಾರ ಆಡಲು ಹುಣಸೆ ಬೀಜವನ್ನು ಜಗಲಿ ಕಲ್ಲಿಗೆ ತಿಕ್ಕಿ ಒಂದು ಬದಿ ಬಿಳಿ ಮಾಡುತ್ತಿದ್ದೆವಲ್ಲ, ನೆನಪಿದೆಯಾ? ಅದೇ ವಿದ್ಯೆ ಇಲ್ಲೂ ಬೇಕು. ಆಟಕ್ಕೆ ತಿಕ್ಕಿದಷ್ಟು ಬೇಡ. ಗಟ್ಟಿ ಸಿಪ್ಪೆ ಒಂದು ಕಡೆ ಸವೆದು ಚೂರು ಬಿಳಿ ಇಣುಕಿದರೆ ಸಾಕು, ನೀರು ಒಳಗಿಳಿಯಲು ದಾರಿಯಾಗುತ್ತದೆ. ರಾತ್ರಿಯಿಡೀ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹೆಬ್ಬೆರಳ ಉಗುರಿನಷ್ಟು ಆಳಕ್ಕೆ ಹಾಕು. ಮಣ್ಣು 25 ಡಿಗ್ರಿಯಾದರೂ ಬೆಚ್ಚಗಿರಬೇಕು. ನಾನು ಬೀಜದ ತಟ್ಟೆಯನ್ನು ಬಚ್ಚಲ ಒಲೆಯ ಪಕ್ಕದ ಕಟ್ಟೆ ಮೇಲೆ ಇಡುತ್ತೇನೆ. ನಿನಗೆ ಒಲೆ ಎಲ್ಲಿಂದ ಬರಬೇಕು, ತಟ್ಟೆಯಡಿ ಇಟ್ಟು ಮಣ್ಣು ಬೆಚ್ಚಗಿಡಲು ಸಸಿಗೆಂದೇ ಸಿಗುವ ಹೀಟ್ ಮ್ಯಾಟ್ ಕೊಂಡುಕೋ. ನೀರು ಬಸಿದುಹೋಗಲು ಮಣ್ಣಿಗೆ ದಪ್ಪ ಮರಳು, ಪರ್ಲೈಟ್ ಅನ್ನುವ ಹಗುರ ಬಿಳಿ ಕಾಳು ಜಾಸ್ತಿ ಇರಲಿ. ಒಂದೆರಡು ವಾರದಲ್ಲಿ ಬೀಜ ಎರಡು ಹೋಳಾಗಿ ತಲೆ ಎತ್ತುತ್ತದೆ.

ಹಲಸಿನ ಬೀಜ ಕಳಿಸು ಅಂದಿದ್ದೆ. ಅದು ಬೇಡ. ಒಣಗಿದರೆ ಹಲಸಿನ ಬೀಜ ಮೊಳೆಯುವುದಿಲ್ಲ, ನಿನ್ನನ್ನು ತಲುಪುವಷ್ಟರಲ್ಲಿ ಸತ್ತಿರುತ್ತದೆ. ಎಲೆಯೂ ದೊಡ್ಡದು. ಚಿಕ್ಕ ಕುಂಡದಲ್ಲಿ ದೊಡ್ಡ ಮರದ ಹಾಗೆ ಕಾಣಬೇಕಾದರೆ ಹುಣಸೆಯ ಸಣ್ಣ ಎಲೆಯೇ ಚಂದ.

ಬೋನ್ಸಾಯ್ ತಟ್ಟೆಗೆ ಮಾತ್ರ ಅವಸರ ಮಾಡಬೇಡ. ಅದರಲ್ಲಿಟ್ಟರೆ ಕಾಂಡ ದಪ್ಪವಾಗುವುದು ಬಹುತೇಕ ನಿಂತೇಹೋಗುತ್ತದೆ. ನಾಲ್ಕೈದು ವರ್ಷ ದೊಡ್ಡ ಕುಂಡದಲ್ಲಿ ಬಿಡು. ಬೇಸಿಗೆಯಲ್ಲಿ ರಾತ್ರಿ 12 ಡಿಗ್ರಿಗಿಂತ ಮೇಲಿರುವಾಗ ಹೊರಗಿಡು, ಮೊದಲ ವಾರ ನೆರಳಿನಲ್ಲಿ. ಬೇರು ಕತ್ತರಿಸುವುದಿದ್ದರೂ ಆಗಲೇ, ಗಿಡ ಭರದಿಂದ ಚಿಗುರುವಾಗ.

ನಿನಗಲ್ಲಿ ಬೆಳಗಾಗುತ್ತಿದ್ದ ಹಾಗೆ ಉಗುರಿನಿಂದ ಕೆರೆದು ನೋಡು. ಹಸಿರು ಕಂಡರೆ ಒಂದು ಫೋಟೋ ಕಳಿಸು. ನಾನು ಎದ್ದೇ ಇರುತ್ತೇನೆ.

ನಿನ್ನವನೇ,
ಗೆಳೆಯ