ಅಪ್ಪ ಮತ್ತೆ ಭಟ್ಟಿಗೆ ಹೋದರು

ನಿನ್ನೆ ಬೆಳಿಗ್ಗೆ ಅಪ್ಪ ಯಾರಿಗೂ ಹೇಳದೆ ಮಂಡಕ್ಕಿ ಭಟ್ಟಿವರೆಗೆ ನಡೆದು ಹೋಗಿ ಬಂದಿದ್ದಾರೆ. ಬೈಯುವ ಮೊದಲು ಬೆರಳಿಗೆ, ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಸಿಕ್ಕಿಸಿದೆ. 97. 2021ರ ಮೇ ತಿಂಗಳಲ್ಲಿ, ಕೋವಿಡ್ ಬಂದಾಗ, ಇದೇ ಬೆರಳು 86 ತೋರಿಸಿತ್ತು. ಋಣ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲು ನಮ್ಮ ಓಣಿಯ ಆಶಾ ಕಾರ್ಯಕರ್ತೆ ಅಕ್ಕಾರಿಗೆ. ಅಪ್ಪ ಮೂವತ್ತು ವರ್ಷ ಭಟ್ಟಿ ಹೊಗೆ ಕುಡಿದವರು. ಅವರ ಕೆಮ್ಮಿಗೆ ಮನೆಯಲ್ಲಿ ಯಾರೂ ಕಿವಿಗೊಡುತ್ತಿರಲಿಲ್ಲ. ಜ್ವರ ಬಂದಾಗ ಒಂದು ಕ್ಲಿನಿಕ್ಕಿನಲ್ಲಿ ಟೈಫಾಯ್ಡ್ ಅಂದರು, ಮೂರು ದಿನ ಗ್ಲೂಕೋಸ್ ಬಾಟಲಿ ಏರಿಸಿದರು. ನಾನೂ ನಂಬಿದೆ. ಆಗ ದಾವಣಗೆರೆಯಲ್ಲಿ ಟೈಫಾಯ್ಡ್ ಅಂದರೆ ಸಾಕು, ಸದ್ಯ ಬದುಕಿದೆವು ಅನ್ನಿಸುತ್ತಿತ್ತು.

ಅಕ್ಕಾರು ಬಂದು ನೋಡಿದಾಗ ಕೂತಲ್ಲಿ 93 ಇತ್ತು. "ಯಜಮಾನ್ರೇ, ಆರು ನಿಮಿಷ ಅಂಗಳದಾಗೆ ಓಡಾಡ್ರಿ" ಅಂದರು. ಅಪ್ಪ ಭತ್ತದ ರೇಟು ಮಾತಾಡುತ್ತಲೇ ಓಡಾಡಿದರು, ಏದುಸಿರೂ ಇಲ್ಲ. ಮತ್ತೆ ಬೆರಳಿಟ್ಟರೆ 86! "ಇದು ಭಟ್ಟಿ ಕೆಮ್ಮಲ್ಲಪ್ಪ, ಗಾಡಿ ತರಿಸು." ರ‍್ಯಾಪಿಡ್ ಟೆಸ್ಟ್ ನೆಗೆಟಿವ್ ಬಂತು. ನಾನು ವಾಪಸ್ ಹೊರಟಿದ್ದೆ, ಅವರು ಬಿಡಲಿಲ್ಲ. ಲಕ್ಷಣ ಇದ್ದು ನೆಗೆಟಿವ್ ಬಂದರೆ ಲ್ಯಾಬಿನ ಹೆಚ್ಚು ನಂಬಿಕೆಯ ಪರೀಕ್ಷೆ ಆರ್‌ಟಿ-ಪಿಸಿಆರ್ ಮಾಡಿಸಲೇಬೇಕು ಅಂತ ಫೋನಿನಲ್ಲೇ ಜಗಳ ಮಾಡಿದರು. ಅದು ಪಾಸಿಟಿವ್.

ದಾವಣಗೆರೆಯ ಸಿ.ಜಿ. (ಚಿಗಟೇರಿ) ಜಿಲ್ಲಾ ಆಸ್ಪತ್ರೆಯ ಸಿಸ್ಟರ್‌ಗಳಿಗೆ. ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಹಾಕಿದರೂ ಅಂಕಿ ಏರುತ್ತಿರಲಿಲ್ಲ. ಎದೆ ಕೆಳಗೊಂದು, ಸೊಂಟದ ಕೆಳಗೊಂದು ದಿಂಬು ಕೊಟ್ಟು ಬೋರಲು ಮಲಗಿಸಿದರು. ಬೆನ್ನಿನ ಕಡೆಯ ಶ್ವಾಸಕೋಶ ತೆರೆದುಕೊಳ್ಳುತ್ತದಂತೆ. ಅಪ್ಪನಿಗೆ ಬೋರಲು ಅಂದರೆ ಆಗದು, ಹೊರಳಿಬಿಡುತ್ತಿದ್ದರು. ರಾತ್ರಿ ಪಾಳಿಯ ಸಿಸ್ಟರ್ ಎಷ್ಟು ಸಲ ತಿರುಗಿಸಿದರೋ, ಆ ಪ್ಲಾಸ್ಟಿಕ್ ಕಿಟ್ಟಿನೊಳಗೆ ಬೆವರುತ್ತ. ಅವರ ಮುಖವನ್ನು ನಾವು ನೋಡಲೇ ಇಲ್ಲ.

ನಾನು ವೈರಸ್ ತಡೆಯುವ ಇಂಜೆಕ್ಷನ್ ರೆಮ್‌ಡಿಸಿವಿರ್‌ಗಾಗಿ ಅಮ್ಮನ ಬಳೆ ಅಡ ಇಡಲು ಹೊರಟಿದ್ದೆ. ಡಾಕ್ಟರು ಗದರಿದರು: "ಅದರ ಹೊತ್ತು ದಾಟಿದೆ. ಇವರಿಗೆ ಬೇಕಾದ ಮದ್ದು ನಮ್ಮ ಹತ್ರಾನೇ ಐತಿ." ಅದು ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್, ದಿನಕ್ಕೆ 6 ಮಿಲಿಗ್ರಾಂ, ಮಾತ್ರೆ ಅಂಗಡಿಯ ಅಗ್ಗದ ಮಾಲು. ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಸೂಜಿ. ಸ್ಟಿರಾಯ್ಡಿನಿಂದ ಶುಗರ್ ಏರಿತು, ಅದಕ್ಕೆ ಇನ್ಸುಲಿನ್.

ಈ ಡೆಕ್ಸಾ ಬಗ್ಗೆ ಆಮೇಲೆ ಓದಿಕೊಂಡೆ. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ 2,104 ರೋಗಿಗಳಿಗೆ ಇದನ್ನು ಕೊಟ್ಟು, ಕೊಡದ 4,321 ಜನರ ಜೊತೆ ಹೋಲಿಸಿದರಂತೆ. ಯಾರಿಗೆ ಮದ್ದು, ಯಾರಿಗಿಲ್ಲ ಅನ್ನುವುದು ಚೀಟಿ ಎತ್ತಿದ ಹಾಗೆ. ಆಕ್ಸಿಜನ್ ಮೇಲಿದ್ದವರಲ್ಲಿ ಸಾವು ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಆಕ್ಸಿಜನ್ನೇ ಬೇಡದವರಿಗೆ ಪ್ರಯೋಜನ ಕಾಣಲಿಲ್ಲ. ಉಸಿರಿಗೆ ಒದ್ದಾಡುತ್ತಲೇ "ಆಗಲಿ, ನನ್ನನ್ನೂ ಸೇರಿಸಿಕೊಳ್ಳಿ" ಎಂದ ಆ ಜನ ಯಾರೋ ಏನೋ. ಅವರಲ್ಲಿ ತೀರಿಕೊಂಡವರೂ ಇದ್ದಾರೆ. ನಮ್ಮ ಅಪ್ಪನ ಋಣ ಅಲ್ಲಿಗೂ ಮುಟ್ಟುತ್ತದೆ.

ವಾರ್ಡಿನ ಆಯಾಗೆ, ಆಂಬುಲೆನ್ಸ್ ಅಣ್ಣನಿಗೆ, ದಿನಾ ಗಂಜಿ ಕಳಿಸಿದ ಪಕ್ಕದ ಮನೆ ಬೂಬಮ್ಮನಿಗೆ ಕೈ ಮುಗಿಯುತ್ತೇನೆ. ಅಪ್ಪನ ಕೋವಿಡ್ ಲಸಿಕೆಯ ಎರಡನೇ ಡೋಸಿಗೆ, ಗುಣವಾಗಿ ಮೂರು ತಿಂಗಳು ಕಳೆಯಬೇಕು ಅಂತ 2021ರಲ್ಲಿ ಹೇಳಿದ್ದರು. ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ.

ನಿನ್ನೆ ಭಟ್ಟಿಯಿಂದ ಅಪ್ಪ ಬರಿಗೈಲಿ ಬಂದಿಲ್ಲ. ಆಶಾ ಅಕ್ಕಾರಿಗೆ ಅಂತ ಒಂದು ಚೀಲ ಮಂಡಕ್ಕಿ ತಂದು ಬಾಯಿ ಕಟ್ಟಿ ಇಟ್ಟಿದ್ದಾರೆ. ಅಕ್ಕಾರೇ, ಮಳೆಗಾಲ, ಮೆತ್ತಗಾಗೋದ್ರೊಳಗೆ ಬಂದು ತಗೊಂಡು ಹೋಗ್ರಿ.