ಓಡಲಾಗದ ತಿಂಗಳುಗಳಲ್ಲಿ ಜೊತೆಗಿದ್ದವರಿಗೆ

ಬರುವ ಆಗಸ್ಟ್‌ನಿಂದ ನಮ್ಮ ಮಗಳು ಪೆನ್ಸಿಲ್ವೇನಿಯಾದ ಒಂದು ಪುಟ್ಟ ಕಾಲೇಜಿನಲ್ಲಿ ಓದಲಿದ್ದಾಳೆ, ಅಲ್ಲಿನ ತಂಡಕ್ಕಾಗಿ 800 ಮೀಟರ್ ಓಡಲಿದ್ದಾಳೆ. ಡಿಸೆಂಬರ್‌ನಲ್ಲಿ ಪ್ರವೇಶದ ಪತ್ರ ಬಂದಾಗಿನಿಂದ ಹರಸುತ್ತಿರುವ ಎಲ್ಲರಿಗೂ ನಮ್ಮ ನಮಸ್ಕಾರ.

ಓಟಕ್ಕೆಂದು ವಿದ್ಯಾರ್ಥಿವೇತನ ಸಿಕ್ಕಿತೇ ಎಂದು ಊರಿನ ಬಂಧುಗಳು ಕೇಳುತ್ತಿರುವುದರಿಂದ ಒಂದು ಮಾತು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಡಿವಿಷನ್ ಎಂಬ ಮೂರು ಹಂತಗಳಿವೆ, ಮೇಲಿನದು ಡಿವಿಷನ್ ಒಂದು. ಇದು ಡಿವಿಷನ್ ಮೂರರ ಕಾಲೇಜು. ಅಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ಅವಳಿಗೆ ಸಿಕ್ಕಿರುವ ನೆರವು ಓದನ್ನೂ ನಮ್ಮ ಆದಾಯವನ್ನೂ ನೋಡಿ ಕೊಟ್ಟದ್ದು. ಆದರೆ ಈ ಹುಡುಗಿ ನಮ್ಮ ತಂಡಕ್ಕೆ ಬೇಕು ಎಂದು ಕೋಚ್ ಹೇಳಿದ್ದಾರಲ್ಲ, ನಮಗೆ ಅದರ ಬೆಲೆ ಬಹಳ ದೊಡ್ಡದು.

ಏಕೆಂದರೆ 2025ರ ವಸಂತದಲ್ಲಿ ಅವಳು ಓಡಲೇ ಇಲ್ಲ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಹನ್ನೊಂದನೇ ತರಗತಿಯ ಆ ಋತುವಿನ ಓಟದ ಸಮಯಗಳನ್ನೇ ಕಾಲೇಜು ಕೋಚ್‌ಗಳು ಮುಖ್ಯವಾಗಿ ನೋಡುವುದು. ಅದೇ ಹೊತ್ತಿಗೆ ಡಿವಿಷನ್ ಒಂದರ ತಂಡಗಳ ಗಾತ್ರಕ್ಕೆ ಮಿತಿ ಹಾಕುವ ಒಪ್ಪಂದ ನ್ಯಾಯಾಲಯದಲ್ಲಿತ್ತು. ಜೂನ್ 6ರಂದು ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ತಂಡದಲ್ಲಿ ಆಗಲೇ ಇದ್ದವರೇ ಜಾಗ ಕಳೆದುಕೊಳ್ಳುವ ಕಾಲ. ಅದುವರೆಗೆ ತಪ್ಪದೆ ಬರೆಯುತ್ತಿದ್ದ ಒಬ್ಬ ಕೋಚ್ ಉತ್ತರಿಸುವುದನ್ನೇ ನಿಲ್ಲಿಸಿದರು. ಕಾರಣ ನಮಗೆ ಊಹಿಸಲು ಬರುತ್ತಿತ್ತು. ಆದರೆ ದಿನವೂ ಇಮೇಲ್ ತೆರೆದು ನೋಡುವ ಮಗುವಿಗೆ ಏನೆಂದು ಸಮಾಧಾನ ಹೇಳುವುದು?

ಶಾಲೆಯ ಕೋಚ್ ಏಪ್ರಿಲ್‌ನಲ್ಲಿ ಅವಳನ್ನೂ ಫಿಲಡೆಲ್ಫಿಯಾದ ಪೆನ್ ರಿಲೇಸ್ ಎಂಬ ಓಟದ ಕೂಟಕ್ಕೆ ಕರೆದೊಯ್ದರು. 1895ರಿಂದ ನಡೆಯುತ್ತಿರುವ ಆ ಕೂಟದಲ್ಲಿ ಓಡಬೇಕೆಂಬುದು ಅವಳ ಕನಸಾಗಿತ್ತು. ಗೆಳತಿಯರ ಜಾಕೆಟ್‌ಗಳನ್ನು ಹಿಡಿದು ಅಲ್ಲಿನ ಫ್ರಾಂಕ್ಲಿನ್ ಫೀಲ್ಡ್ ಕ್ರೀಡಾಂಗಣದಲ್ಲಿ ನಿಂತು ಗಂಟಲು ಕಟ್ಟುವಷ್ಟು ಕೂಗಿ ಬಂದವಳು ಆ ರಾತ್ರಿ ಹೊಟ್ಟೆ ತುಂಬ ಉಂಡಳು. ಸರ್, ನೀವು ಅಂದು ಮಾಡಿದ್ದು ಔಷಧಕ್ಕಿಂತ ಮಿಗಿಲು. ಬೆಳಗಿನ ಚಳಿಯಲ್ಲಿ ಈಜುಕೊಳಕ್ಕೆ ಬಂದು, ಸೊಂಟಕ್ಕೆ ತೇಲುಪಟ್ಟಿ ಕಟ್ಟಿ ನೀರಿನಲ್ಲೇ ಓಡಿಸಿದ ತರಬೇತುದಾರರಿಗೂ ನಾವು ಋಣಿಗಳು.

ರಕ್ತಪರೀಕ್ಷೆಯಲ್ಲಿ ಕಬ್ಬಿಣದಂಶ ಕಡಿಮೆ ಎಂದು ಬಂದಾಗ ಆಹಾರತಜ್ಞೆಯಾದ ನಮ್ಮ ಕನ್ನಡ ಕೂಟದ ಅಕ್ಕ ಮನೆಗೇ ಬಂದರು. ವೈದ್ಯರ ಮಾತ್ರೆಯ ಜೊತೆಗೆ ಹುರುಳಿ, ಸೊಪ್ಪು, ಅದರ ಮೇಲೆ ನಿಂಬೆರಸ. ಊಟದ ಬೆನ್ನಿಗೆ ಕಾಫಿ ಬೇಡ ಎಂದು ಬರೆದುಕೊಟ್ಟರು. ಆ ಚೀಟಿ ಈಗಲೂ ಫ್ರಿಜ್ ಮೇಲಿದೆ. ನಮ್ಮಿಬ್ಬರಿಗೂ ಕೆಲಸವಿದ್ದ ಸಂಜೆಗಳಲ್ಲಿ ನ್ಯೂಜೆರ್ಸಿಯಿಂದ ಮ್ಯಾನ್‌ಹಟನ್‌ನ ಆರ್ಮರಿ ಕ್ರೀಡಾಂಗಣದವರೆಗೆ ಅವಳನ್ನು ಕರೆದೊಯ್ದು ತಂದ ಗೆಳೆಯರೇ, ನಿಮಗೂ.

ಈಗ ಅವಳನ್ನು ಆರಿಸಿಕೊಂಡಿರುವ ಕೋಚ್‌ಗೆ ಅವಳೇ ಗಾಯದ ವಿಷಯ ಮುಚ್ಚಿಡದೆ ಬರೆದಿದ್ದಳು. ಅವರು ಮೊದಲು ನೋವು ಹೇಗಿದೆ ಎಂದು ಕೇಳಿದರು, ಆಮೇಲೆ ಯಾವ ಪಾಠ ಇಷ್ಟವೆಂದು. ಹಿಂದಿನ ವರ್ಷದ ಸಮಯಗಳೇ ಸಾಕೆಂದರು. ಜುಲೈನಲ್ಲಿ ಅವಳ ಅಂಕಪಟ್ಟಿಯನ್ನು ಪ್ರವೇಶ ವಿಭಾಗಕ್ಕೆ ಕಳಿಸಿ ಪ್ರವೇಶ ಸಿಗುವ ಸಾಧ್ಯತೆಯ ಬಗ್ಗೆ ಮುಂಚಿತವಾಗಿ ಅಭಿಪ್ರಾಯ ತರಿಸಿಕೊಟ್ಟರು.

ಶಾಲೆಯ ಮಾರ್ಗದರ್ಶಕಿಯನ್ನು ಮರೆಯಲಾರೆವು. ಡಿವಿಷನ್ ಒಂದರಲ್ಲಿ ಓಡಲು ಹೈಸ್ಕೂಲಿನಲ್ಲಿ ಇಂಗ್ಲಿಷ್, ಗಣಿತದಂಥ 16 ಮೂಲ ಕೋರ್ಸುಗಳು ಬೇಕು, ಅವುಗಳಲ್ಲಿ 10 ಹನ್ನೆರಡನೇ ತರಗತಿಗೆ ಮೊದಲೇ ಮುಗಿದಿರಬೇಕು ಎಂದು ಅವರು ಒಂಬತ್ತರಲ್ಲೇ ಹೇಳಿ ಯೋಜನೆ ಹಾಕಿಕೊಟ್ಟಿದ್ದರು. ಡಿವಿಷನ್ ಮೂರಕ್ಕೆ ಆ ನಿಯಮವಿಲ್ಲ. ಆದರೂ ಅದಕ್ಕಾಗಿ ಓದಿದ್ದೇ ಕೊನೆಗೆ ಕೈಹಿಡಿಯಿತು. ಒಂಬತ್ತಕ್ಕೆ ಕಾಲಿಡುವ ಓಟಗಾರರಿರುವ ಮನೆಯವರು ಸಂಕೋಚವಿಲ್ಲದೆ ನಮಗೆ ಫೋನ್ ಮಾಡಿ. ಕೋರ್ಸುಗಳ ಪಟ್ಟಿ, ಕೋಚ್‌ಗಳಿಗೆ ಬರೆದ ಪತ್ರಗಳು ಎಲ್ಲವನ್ನೂ ಎತ್ತಿಟ್ಟಿದ್ದೇವೆ. ವಾರಾಂತ್ಯಕ್ಕೆ ಬಂದರೆ ಮಗಳೇ ಕುಳಿತು ವಿವರಿಸುತ್ತಾಳೆ.